ನಾಲ್ಕು ಸಾಲಿನ ಸುದ್ದಿಯ ಊರು

ಎರ್ಲಾಂಗೆನ್ ಊರಿನ ಪತ್ರಿಕೆಯಲ್ಲಿ ಹಾಕಿ ಆಟಕ್ಕೆ ಸಿಗುತ್ತಿದ್ದುದು ನಾಲ್ಕು ಸಾಲು. ಚಿತ್ರವಿಲ್ಲ, ಆಟಗಾರರ ಹೆಸರು ಬರುವುದೂ ಅಪರೂಪ. ಆ ನಾಲ್ಕು ಸಾಲಿನ ಆಸೆಗೇ ನನ್ನ ಗಂಡ ಬಸವರಾಜ ಜರ್ಮನಿಯವರೆಗೆ ಹಾಕಿ ಆಡಲು ಹೋದರು. ನಾನೂ ಕಲಿಸುತ್ತಿದ್ದ ಶಾಲೆಗೆ ಸಂಬಳವಿಲ್ಲದ ರಜೆ ಹಾಕಿ ಬೆನ್ನು ಹತ್ತಿದೆ. ಜನ ಹೆಚ್ಚು ನೋಡುವ ಕಡೆಗೆ ಆಟಗಾರರು ಓಡುತ್ತಾರೆಂದು ನಾನು ತಿಳಿದಿದ್ದೆ. ಯಾರೂ ನೋಡದ ಊರನ್ನು ಹುಡುಕಿಕೊಂಡು ಹೋಗುವವರೂ ಇದ್ದಾರೆಂದು ನನಗೆ ತಿಳಿದದ್ದು ಆ ವಸಂತದಲ್ಲಿ.

ಮಾರ್ಕ್ ಹೋಗಿ ಯೂರೋ ಬಂದಿದ್ದ ವರ್ಷ ಅದು. ಜರ್ಮನಿಯವರು ನಮ್ಮ ಸಾಫ್ಟ್‌ವೇರ್ ಹುಡುಗರನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಯುತ್ತಿದ್ದ ಕಾಲ. ವಿಮಾನದ ತುಂಬ ಅವರೇ. ನಮ್ಮವರ ಪಕ್ಕ ಕುಳಿತ ಹುಡುಗ, "ನಿಮ್ದು ಯಾವ ಪ್ಲಾಟ್‌ಫಾರ್ಮ್ ಸಾರ್?" ಎಂದು ಕೇಳಿದ. ನಮ್ಮವರು ಸ್ವಲ್ಪ ಯೋಚಿಸಿ, "ಗೊತ್ತಿಲ್ರಿ. ಫ್ರಾಂಕ್‌ಫರ್ಟಿನಾಗ ಇಳದ ಮ್ಯಾಲೆ ಕೇಳಬೇಕು" ಅಂದರು. ಆ ಹುಡುಗ ಕೇಳಿದ್ದು ರೈಲಿನ ಪ್ಲಾಟ್‌ಫಾರ್ಮ್ ಅಲ್ಲ, ಕಂಪ್ಯೂಟರಿನದು ಎಂದು ನಮಗೆ ಗೊತ್ತಾಗಲು ಒಂದು ತಿಂಗಳು ಬೇಕಾಯಿತು.

ನಮ್ಮವರು ಬೆಟಗೇರಿಯ ನೇಕಾರರ ಮನೆಯವರು. ಓಣಿಯ ಹುಡುಗರೊಂದಿಗೆ ಬಾಗಿದ ಜಾಲಿ ಕಟ್ಟಿಗೆಯಲ್ಲಿ ಆಡಿ ಕಲಿತು, ಬೆಂಗಳೂರಿನ ಒಂದು ಕಾರ್ಖಾನೆಯ ತಂಡ ಸೇರಿ, ರಾಜ್ಯಕ್ಕೆ ಆಡಿ, ದೇಶದ ತಂಡದ ಶಿಬಿರದವರೆಗೆ ಹೋಗಿ ಬಂದವರು. ಪೆನಾಲ್ಟಿ ಕಾರ್ನರ್ ಆಗಲಿ, ಗೋಲು ಕಾಯುವ ಗೋಲಿಯೊಬ್ಬನೇ ಎದುರಿಗಿರುವ ಪೆನಾಲ್ಟಿ ಸ್ಟ್ರೋಕ್ ಆಗಲಿ, ತಂಡದವರು ಚೆಂಡನ್ನು ಇವರ ಕೈಗೆ ಕೊಡುತ್ತಿದ್ದರು. ಆಮೇಲೆ ಬೆಂಗಳೂರಿನಲ್ಲಿ ಒಂದು ಫೈನಲ್ ನಡೆಯಿತು. ಅಲ್ಲಿಯವರೆಗೆ ಮಗನ ಆಟವನ್ನು ದೊಡ್ಡ ಮೈದಾನದಲ್ಲಿ ನೋಡಿರದ ನಮ್ಮ ಮಾವನವರು ಓಣಿಯ ಮಂದಿಯನ್ನೆಲ್ಲ ಟೆಂಪೋ ತುಂಬಿಸಿಕೊಂಡು ಬಂದಿದ್ದರು. ಕೊನೆಯ ಗಳಿಗೆಯಲ್ಲಿ ಸಿಕ್ಕ ಸ್ಟ್ರೋಕನ್ನು ನಮ್ಮವರು ಗೋಲಿನ ಕಂಬದ ಹೊರಗೆ ಕಳಿಸಿದರು. ಮರುದಿನ ಪತ್ರಿಕೆಗಳಲ್ಲಿ ತಲೆ ಹಿಡಿದುಕೊಂಡು ಕುಳಿತ ಇವರ ಚಿತ್ರ.

"ಬೈದವರನ್ನ ತಡಕೊಂಡೆ" ಎಂದು ಇವರು ಒಮ್ಮೆ ನನಗೆ ಹೇಳಿದ್ದರು. "ಚಹಾದ ಅಂಗಡಿಯಾಂವ ರೊಕ್ಕ ತಗೊಳ್ಳದ, ಪಾಪ ಬಿಡ್ರಿ ಸರ ಅಂದ. ಅದನ್ನ ತಡಕೊಳ್ಳಾಕ ಆಗಲಿಲ್ಲ."

ಆಮೇಲೆ ಇವರು ಬೆಂಗಳೂರಿನಲ್ಲಿ ಸ್ಟ್ರೋಕ್ ಹೊಡೆಯಲಿಲ್ಲ. ಶಿಬಿರಕ್ಕೆ ಕರೆ ಬಂದಾಗ ಮೊಣಕಾಲು ನೋವೆಂದರು. ಅಂಥ ಹೊತ್ತಿನಲ್ಲಿ ಪರಿಚಯದ ಕೋಚ್ ಒಬ್ಬರು ಎರ್ಲಾಂಗೆನ್ನಿನ ಒಂದು ಸಣ್ಣ ಕ್ಲಬ್ಬಿನ ಸುದ್ದಿ ತಂದರು. ಎರಡನೆಯ ದರ್ಜೆಯ ತಂಡ, ಇರಲು ಮನೆ, ಆಟದ ಜತೆಗೆ ಮಕ್ಕಳಿಗೆ ಕಲಿಸುವ ಕೆಲಸ. ನಮ್ಮವರು ಕೇಳಿದ ಪ್ರಶ್ನೆ ಒಂದೇ: "ಅಲ್ಲಿ ಪೇಪರಿನಾಗ ಹಾಕಿ ಬರತೈತೇನು?" "ಬಂದರೆ ಮೂರು ನಾಲ್ಕು ಸಾಲು" ಎಂದರು ಕೋಚ್. "ಹೋಗೂಣು" ಎಂದರು ಇವರು.

ಎರ್ಲಾಂಗೆನ್

ಅದು ಸೈಕಲ್ಲುಗಳ ಊರು. ಇಂಜಿನಿಯರರು, ಪ್ರೊಫೆಸರರು, ಅಜ್ಜಿಯಂದಿರು, ಎಲ್ಲರೂ ಸೈಕಲ್ ಮೇಲೆ. ಕ್ಲಬ್ಬಿನವರು ನಮಗೂ ಎರಡು ಸೈಕಲ್ ಕೊಟ್ಟರು. ಸೀರೆ ಉಟ್ಟುಕೊಂಡು ಹತ್ತಿದ ಮೊದಲ ದಿನವೇ ಸೆರಗು ಚಕ್ರಕ್ಕೆ ಸಿಕ್ಕಿ, ಒಂದು ಬ್ಯಾಂಕಿನ ಮುಂದೆ ನಿಧಾನಕ್ಕೆ ನೆಲಕ್ಕೆ ಕುಳಿತೆ. ನಮ್ಮೂರಿನಲ್ಲಾಗಿದ್ದರೆ ಹತ್ತು ಜನ ಓಡಿಬಂದು ಹತ್ತು ಬುದ್ಧಿ ಹೇಳುತ್ತಿದ್ದರು. ಇಲ್ಲಿ ಒಬ್ಬ ಮುದುಕ ಸೈಕಲ್ ನಿಲ್ಲಿಸಿ ಇಳಿದು, ಸೆರಗನ್ನು ಹರಿಯದಂತೆ ಬಿಡಿಸಿ, ಟೋಪಿ ಮುಟ್ಟಿ, ಒಂದು ಮಾತೂ ಆಡದೆ ಹೊರಟುಹೋದ. ನಮ್ಮವರಿಗೆ ಇದನ್ನು ಹೇಳಿದೆ. "ನೋಡು, ಅದಕ್ಕ ಇಲ್ಲಿಗೆ ಬಂದೇನಿ" ಎಂದು ನಕ್ಕರು.

ನಮಗೆ ಸಿಕ್ಕಿದ್ದು ಫ್ರೌ ಹೋಫ್‌ಮನ್ ಎಂಬ ವಿಧವೆಯ ಮನೆಯ ಮೇಲಂತಸ್ತು. ಒಂದು ಭಾನುವಾರ ಬಾಲ್ಕನಿಯಲ್ಲಿ ಸೀರೆ ಒಣಹಾಕಿದ್ದಕ್ಕೆ ಆಕೆ ಮೆಟ್ಟಿಲು ಹತ್ತಿ ಬಂದು, ತುಟಿಯ ಮೇಲೆ ಬೆರಳಿಟ್ಟು, ಆಕಾಶ ತೋರಿಸಿದರು. ಮಳೆ ಬರುತ್ತದೆ ಎನ್ನುತ್ತಾರೇನೋ ಎಂದುಕೊಂಡೆ. ಭಾನುವಾರ ದೇವರ ದಿನ, ಬಟ್ಟೆ ಒಣಹಾಕಬಾರದು ಎಂಬುದು ಅದರ ಅರ್ಥವಾಗಿತ್ತು. ತಪ್ಪಾಯಿತೆಂದು ಹೇಳಲು ರೊಟ್ಟಿ, ಶೇಂಗಾ ಚಟ್ನಿ ಮಾಡಿ ಒಯ್ದುಕೊಟ್ಟೆ. ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು ಪೂರ್ತಿ ತಿಂದು, "ಬಾಸ್ಟ್ ಶೋ" ಅಂದರು. ಬೈಗುಳ ಇರಬೇಕೆಂದು ನಾನು ತಟ್ಟೆ ತೆಗೆದುಕೊಂಡು ಮೇಲೆ ಬಂದೆ. ಆ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವಂತೆ. ನಮ್ಮ ಕಡೆಯವರು ಎಂಥ ಹೋಳಿಗೆ ಬಡಿಸಿದರೂ "ಅಡ್ಡಿ ಇಲ್ಲ" ಅನ್ನುವುದಿಲ್ಲವೇ, ಹಾಗೆ. ಇದು ಗೊತ್ತಾದ ಮೇಲೆ ಆ ಊರು ನನಗೆ ಅರ್ಧ ಧಾರವಾಡದ ಹಾಗೆ ಕಾಣತೊಡಗಿತು.

ಹಾಕಿ ಮೈದಾನವಿದ್ದದ್ದು ಊರಿನ ಅಂಚಿನಲ್ಲಿ. ಆಟಕ್ಕೆ ಮುಂಚೆ ಟರ್ಫಿನ ಕೃತಕ ಹುಲ್ಲಿಗೆ ನೀರು ಚಿಮುಕಿಸುತ್ತಿದ್ದರು. ಬಿಸಿಲಿಗೆ ಏಳುವ ಆ ಒದ್ದೆ ವಾಸನೆ ಈಗಲೂ ಒಮ್ಮೊಮ್ಮೆ ನೆನಪಾಗುತ್ತದೆ. ನೋಡಲು ಬರುವವರು ಆಟಗಾರರ ಹೆಂಡಿರು ಮಕ್ಕಳು, ಅಪ್ಪ ಅಮ್ಮಂದಿರು, ಕೆಲವು ನಾಯಿಗಳು. ಒಂದು ಮೇಜಿನ ಮೇಲೆ ಮನೆಯಲ್ಲಿ ಮಾಡಿ ತಂದ ಕೇಕುಗಳು. ಗೋಲಾದರೆ ಚಪ್ಪಾಳೆ, ತಪ್ಪಿದರೆ "ಓಹ್" ಎಂಬ ಒಂದು ಸಣ್ಣ ಉಸಿರು, ಮತ್ತೆ ಕೇಕು.

ಅಲ್ಲಿ ನಮ್ಮವರು ಮೂರನೆಯ ಪಂದ್ಯಕ್ಕೇ ಸ್ಟ್ರೋಕ್ ಹೊಡೆದರು. ಜರ್ಮನಿಯವರು ಅದಕ್ಕೆ ಏಳು ಮೀಟರ್ ಎನ್ನುತ್ತಾರೆ. ಅಂಪೈರ್ ಗೋಲಿನ ಮುಂದಿನ ಚುಕ್ಕೆ ತೋರಿಸಿದಾಗ ನಾನು ಕೇಕಿನ ತಟ್ಟೆಯನ್ನು ಮೇಜಿನ ಮೇಲಿಟ್ಟೆ. ಇವರು ನಡೆದು ಹೋಗಿ, ಬಗ್ಗಿ, ಸರಕ್ಕನೆ ಚೆಂಡನ್ನು ಮೂಲೆಗೆ ಎತ್ತಿ ಹಾಕಿ ಹಿಂತಿರುಗಿದರು. ಚಪ್ಪಾಳೆ ಬಿತ್ತು, ನಾಯಿಯೊಂದು ಬೊಗಳಿತು. ಪತ್ರಿಕೆಯ ನಾಲ್ಕು ಸಾಲಿನಲ್ಲಿ ಎರ್ಲಾಂಗೆನ್ ಗೆದ್ದಿತು ಎಂದಷ್ಟೇ ಇತ್ತು. ಇವರು ಅದನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದರು. ಇಂಥ ನೆಮ್ಮದಿಯನ್ನು ಇವರ ಮುಖದಲ್ಲಿ ಕಂಡು ಬಹಳ ದಿನವಾಗಿತ್ತು.

ತಂಡದಲ್ಲಿ ಡೀನ್ ಎಂಬ ಆಸ್ಟ್ರೇಲಿಯದ ಹುಡುಗ ಒಬ್ಬನಿದ್ದ. ಇವರಷ್ಟೇ ಚೆನ್ನಾಗಿ ಆಡುತ್ತಿದ್ದ, ಆದರೆ ಈ ಊರು ಅವನಿಗೆ ಜೈಲು. "ಇಲ್ಲಿ ಕೆಟ್ಟದಾಗಿ ಆಡಿದರೂ ಕೇಕು ಕೊಡುತ್ತಾರೆ" ಎಂದು ಗೊಣಗುತ್ತಿದ್ದ. "ಜನ ನನ್ನನ್ನು ಬೈಯಬೇಕು. ಬೈಯುವುದಕ್ಕೆಂದೇ ಬಂದಿದ್ದಾರೆ ಅಂದರೆ ನನ್ನ ಆಟ ಅವರಿಗೆ ಬೇಕು ಅಂತ ತಾನೆ?" ನಮ್ಮವರು ಅವನ ಬೆನ್ನು ತಟ್ಟಿ, "ನಿನಗ ಇನ್ನೂ ಬೈಗಳ ಬಿದ್ದಿಲ್ಲ" ಅಂದರು, ಕನ್ನಡದಲ್ಲೇ.

ತರಕಾರಿ ಅಂಗಡಿ

ರಘು ನಮಗೆ ಸಿಕ್ಕಿದ್ದು ಬದನೆಕಾಯಿಯಿಂದ. ಸೂಪರ್ ಮಾರ್ಕೆಟ್ಟಿನಲ್ಲಿ ನಾನು ಬದನೆಕಾಯಿ ಆರಿಸಿ ತಂದರೆ ಗಲ್ಲೆಯ ಹುಡುಗಿ ಅದನ್ನು ಮುಟ್ಟಲೊಲ್ಲಳು. ಕೈಯಿಂದ ಹಿಂದಕ್ಕೆ ತೋರಿಸುತ್ತಾಳೆ. ಹಿಂದೆ ಸಾಲು ಬೆಳೆಯುತ್ತಿದೆ. ನನಗೆ ಸಿಟ್ಟು ಬಂದು, "ತೂಕಾ ನೀನ ಮಾಡಬೇಕವಾ, ನಾ ಏನ್ ಅಂಗಡ್ಯಾಕಿ ಏನು?" ಅಂದೆ. ಸಾಲಿನ ಕೊನೆಯಲ್ಲಿ ಯಾರೋ ನಕ್ಕರು.

"ಮೇಡಂ, ಇಲ್ಲಿ ನಾವೇ ತೂಗಿ ಸ್ಟಿಕರ್ ಅಂಟಿಸ್ಬೇಕು. ಕೊಡಿ, ನಾನ್ ಮಾಡ್ಕೊಂಡ್ ಬರ್ತೀನಿ."

ಕನ್ನಡಕ ಹಾಕಿದ ಸಣಕಲು ಹುಡುಗ. ಬೆಂಗಳೂರು ಬಸವನಗುಡಿಯವನು, ಗ್ರೀನ್ ಕಾರ್ಡ್ ಮೇಲೆ ಬಂದು ಅಲ್ಲಿನ ದೊಡ್ಡ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ಆ ಸಂಜೆ ಊಟಕ್ಕೆ ಕರೆದೆ. ಬಾಗಿಲಲ್ಲಿ ನಮ್ಮವರನ್ನು ಕಂಡವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತ.

"ಸಾರ್, ನೀವು ಬಸವರಾಜ್ ಅಲ್ವಾ? ನಾನು ಆ ಫೈನಲ್‌ಗೆ ಬಂದಿದ್ದೆ ಸಾರ್. ಕಾಲೇಜಿಗೆ ಬಂಕ್ ಹೊಡ್ದು."

ನಮ್ಮವರ ಮುಖ ಬಾಡಿತು. ರಘುವಿಗೆ ಅದು ಕಾಣಲಿಲ್ಲ. ಊಟದ ತುಂಬ ಅವನು ಹಾಕಿ ಬಿಟ್ಟು ಬೇರೆ ಮಾತಾಡಲಿಲ್ಲ. ಯಾವ ಪಂದ್ಯದಲ್ಲಿ ಯಾರು ಯಾರಿಗೆ ಪಾಸ್ ಕೊಟ್ಟರು ಎಂಬುದೆಲ್ಲ ಅವನ ನಾಲಿಗೆಯ ಮೇಲಿತ್ತು. ಮುಂದಿನ ಭಾನುವಾರ ಮೈದಾನಕ್ಕೆ ಬಂದ. ಸಂಜೆ ತನ್ನ ರೂಮಿಗೆ ಹೋಗಿ, ಜರ್ಮನಿಯಲ್ಲಿದ್ದ ಕನ್ನಡಿಗರಿಗೆಲ್ಲ ಇಮೇಲ್ ಕಳಿಸಿದ. ಕನ್ನಡದ್ದೇ ಮಾತು, ಇಂಗ್ಲಿಷ್ ಅಕ್ಷರ. ಪಂದ್ಯದ ಸುದ್ದಿ ಎರಡು ಪುಟ. ಅದನ್ನು ಅಚ್ಚು ಹಾಕಿ ತಂದು ತೋರಿಸಿದ. "ನಮ್ಮ ಬಸಣ್ಣನವರ ಬಲಗೈ ಹೊಡೆತಕ್ಕೆ ಗೋಲಿಯ ಬೂಟು ಅಲ್ಲೇ ಉಳಿಯಿತು, ಗೋಲಿ ಮಾತ್ರ ಬಲೆಯಲ್ಲಿ" ಎಂದಿತ್ತು. ನಾನು ಬಿದ್ದು ಬಿದ್ದು ನಕ್ಕೆ. ನಮ್ಮವರು ಎರಡು ಸಲ ಓದಿ, ಮಡಿಸಿ ಕೊಟ್ಟು, "ಬೂಟು ಎಲ್ಲೂ ಉಳಿದಿರಲಿಲ್ಲ" ಅಂದರು.

ಆ ದಿನಗಳ ಒಂಟಿತನ ಈಗಿನವರಿಗೆ ಹೇಳಿದರೆ ತಿಳಿಯುವುದಿಲ್ಲ. ಕಾರ್ಡ್ ತುರುಕಿ ಫೋನ್ ಮಾಡಬೇಕು, ಮಾತು ನಡುವೆಯೇ ತುಂಡಾಗುತ್ತದೆ. ಕನ್ನಡ ಕೇಳಬೇಕೆಂದರೆ ರೈಲು ಹತ್ತಬೇಕು. ಅಂಥ ಹುಡುಗರಿಗೆ ಪ್ರತಿ ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ರಘುವಿನ ಇಮೇಲ್ ಸಿಗುತ್ತಿತ್ತು. ಯಾರೆಂದೇ ನೋಡಿರದ ಬಸಣ್ಣ ಎಲ್ಲರ ಮನೆಯವನಾದ. ಹೊಗಳಿ, ಟೀಕಿಸಿ ಉತ್ತರಗಳು ಬರತೊಡಗಿದವು. ಒಬ್ಬನಂತೂ ಬಸಣ್ಣನವರಿಗೆ ವಯಸ್ಸಾಯಿತೇನೋ, ಹಿಂದಕ್ಕೆ ಓಡುವುದು ತಡವಾಗುತ್ತಿದೆ ಎಂದು ಬರೆದಿದ್ದ. ಆ ಅಚ್ಚಿನ ಹಾಳೆಯನ್ನು ನಾನು ಬಚ್ಚಿಡಲು ಹೋದರೆ ಇವರ ಕೈಗೇ ಸಿಕ್ಕಿತು. ಆ ರಾತ್ರಿ ಇವರಿಗೆ ಊಟ ಸೇರಲಿಲ್ಲ.

ಕಾರ್ಲ್ಸ್‌ರುಹೆ

ಕಾರ್ಲ್ಸ್‌ರುಹೆಯಲ್ಲಿ ಪಂದ್ಯವಿದ್ದ ದಿನ ನಾವು ಬಸ್ಸಿಳಿದಾಗ ಮೈದಾನದ ಹುಲ್ಲು ದಿಬ್ಬದ ಮೇಲೆ ಇಪ್ಪತ್ತು ಇಪ್ಪತ್ತೈದು ಕನ್ನಡದ ಹುಡುಗರು. ಆ ಊರಿನ ಯೂನಿವರ್ಸಿಟಿಯ ವಿದ್ಯಾರ್ಥಿಗಳು, ಮಂಗಳೂರಿನ ಕಡೆಯ ಒಂದಿಬ್ಬರು ಡಾಕ್ಟರೇಟ್ ಮಾಡುವವರು, ಮ್ಯೂನಿಕ್ ಕಡೆಯಿಂದ ಬಂದ ಗ್ರೀನ್ ಕಾರ್ಡಿನವರು. ಯಾರದೋ ಕೈಯಲ್ಲಿ ಸ್ಟೀಲ್ ತಟ್ಟೆ, ಚಮಚ. ರಘು ಅವರ ನಡುವೆ ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದ.

"ಮಗಾ, ಅಲ್ನೋಡು, ಅವ್ರೇ ಬಸಣ್ಣ."

"ಗುರು, ಏನ್ ಹೈಟು!"

ಜರ್ಮನಿಯವರು ಕೇಕು ತಿನ್ನುವುದನ್ನು ಬಿಟ್ಟು ಇತ್ತ ನೋಡಿದರು. ಆಟ ಶುರುವಾದದ್ದೇ ತಟ್ಟೆ ಬಡಿತ, ಸೀಟಿ, "ಬಸಣ್ಣಾ ಬಸಣ್ಣಾ" ಎಂಬ ಕೂಗು. ನಾನು ಇವರನ್ನೇ ನೋಡುತ್ತಿದ್ದೆ. ಆಟವೇನೂ ಕೆಡಲಿಲ್ಲ, ನಿಜ ಹೇಳಬೇಕೆಂದರೆ ಹೆಚ್ಚೇ ಚೆನ್ನಾಗಿ ಆಡಿದರು. ಕೊನೆಗೆ ಎರಡೂ ತಂಡ ಸಮ ಇದ್ದಾಗ ನಮಗೆ ಏಳು ಮೀಟರ್ ಸಿಕ್ಕಿತು. ಇವರು ಚೆಂಡಿನ ಕಡೆ ನಡೆದರು. ನಮ್ಮ ಹುಡುಗರು ತಟ್ಟೆ ಕೆಳಗಿಟ್ಟು, ಒಬ್ಬರ ಕೈ ಒಬ್ಬರು ಹಿಡಿದು ನಿಶ್ಶಬ್ದವಾದರು. ಇವರು ಅರ್ಧ ದಾರಿಯಲ್ಲಿ ನಿಂತರು. ದಿಬ್ಬದ ಕಡೆ ಒಮ್ಮೆ ನೋಡಿದರು. ಡೀನನನ್ನು ಕೈ ಮಾಡಿ ಕರೆದು ತಾವು ಹಿಂದೆ ಸರಿದರು.

ಡೀನ್ ಗೋಲು ಹೊಡೆದ, ದಿಬ್ಬದ ಕಡೆ ಓಡಿಬಂದು ಹುಡುಗರ ಮುಂದೆ ಮಂಡಿಯೂರಿ ಜಾರಿದ. ಅವರು ಅವನನ್ನು ಹೊತ್ತು ಕುಣಿದರು. ನಾವು ಗೆದ್ದಿದ್ದೆವು. ನಮ್ಮವರು ಮಾತ್ರ ಬಸ್ಸಿನಲ್ಲಿ ಹೋಗಿ ಕುಳಿತಿದ್ದರು. ರಘು ಕಿಟಕಿಯ ಹತ್ತಿರ ಬಂದ.

"ಸಾರ್, ಯಾಕ್ ಸಾರ್ ಬಿಟ್ಕೊಟ್ರಿ? ನಿಮ್ದಲ್ವಾ ಅದು?"

"ರಘು, ನೀನು ಛಲೋ ಹುಡುಗ ಅದಿ" ಅಂದರು ಇವರು. "ಒಂದು ಮಾತು ನಡಸಿಕೊಡು. ಇನ್ನ ಮ್ಯಾಲೆ ಬರಬ್ಯಾಡ. ಬರೀಬ್ಯಾಡ."

ರಘು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡು ಹೊರಟುಹೋದ. ಎರ್ಲಾಂಗೆನ್ ಮುಟ್ಟುವವರೆಗೆ ಆ ಬಸ್ಸಿನಲ್ಲಿ ಡೀನ್ ಒಬ್ಬನೇ ಹಾಡುತ್ತಿದ್ದ.

ಮೇ ತಿಂಗಳು

ರಘು ಮಾತು ನಡೆಸಿದ. ಸೋಮವಾರದ ಇಮೇಲ್ ನಿಂತಿತು. ಸೂಪರ್ ಮಾರ್ಕೆಟ್ಟಿನಲ್ಲಿ ಕಂಡರೆ "ಚೆನ್ನಾಗಿದೀರಾ ಅಕ್ಕಾ?" ಎಂದು ಕೇಳುತ್ತಿದ್ದ, ಹಾಕಿ ಬಿಟ್ಟು. ಹಾಕಿ ಬಿಟ್ಟರೆ ನಮ್ಮಿಬ್ಬರ ನಡುವೆ ಬದನೆಕಾಯಿ ಅಷ್ಟೇ ಉಳಿದಿತ್ತು.

ಮೈದಾನ ಮತ್ತೆ ಮೊದಲಿನಂತಾಯಿತು. ಕೇಕು, ಚಪ್ಪಾಳೆ, ನಾಯಿ. ನಾನು ಬಯಸಿದ್ದೂ ಅದನ್ನೇ. ಒಂದು ಭಾನುವಾರ ನಮ್ಮವರು ಪೆನಾಲ್ಟಿ ಕಾರ್ನರಿನಲ್ಲಿ ಮೂರು ಗೋಲು ಹೊಡೆದರು. ಹಾಕಿ ಹೆಚ್ಚು ತಿಳಿಯದ ನನಗೂ ಇದು ದಿನಾ ನಡೆಯುವ ಆಟವಲ್ಲ ಎನ್ನಿಸಿತು. ಮೂರನೆಯದಂತೂ ಚೆಂಡು ಹೋದದ್ದೇ ಕಾಣಲಿಲ್ಲ, ಗೋಲಿನ ಹಲಗೆಗೆ ಬಡಿದ ಸಪ್ಪಳವಷ್ಟೇ ಕೇಳಿಸಿತು. ಮನೆಗೆ ಬಂದಾಗ ಫ್ರೌ ಹೋಫ್‌ಮನ್ ಗುಲಾಬಿ ಗಿಡ ಕತ್ತರಿಸುತ್ತಿದ್ದರು. ಗೆದ್ದಿರಾ ಎಂದು ಕೇಳಿದರು. ಹೌದೆಂದೆವು. "ಬಾಸ್ಟ್ ಶೋ" ಎಂದು ಕತ್ತರಿ ಆಡಿಸಿದರು.

ಇವರು ಮೇಲೆ ಬಂದು ಬೂಟು ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕುಳಿತರು.

"ಗಿರಿಜಾ, ಇವತ್ತ ಹೆಂಗ ಆಡಿದೆ?"

"ಭಾಳ ಛಲೋ ಆಡಿದ್ರಿ."

"ಮೂರನೇದ್ದು ನೋಡಿದೇನು?"

"ನೋಡಿದೆ."

"ಏನ್ ನೋಡಿದಿ?"

ಜೋರಾಗಿ ಹೋಯಿತು ಎಂದೆ. ಇವರು ನಕ್ಕು ಬೂಟು ಬಿಚ್ಚತೊಡಗಿದರು. ಆಮೇಲೆ ತಮ್ಮಷ್ಟಕ್ಕೆ, "ರಘು ಇದ್ದಿದ್ದರ ಹೇಳತಿದ್ದಾ" ಅಂದರು.

ನಾನು ಈಳಿಗೆಯ ಮುಂದೆ ಕುಳಿತವಳು ತಲೆ ಎತ್ತಲಿಲ್ಲ. ಕಾರ್ಲ್ಸ್‌ರುಹೆಯಿಂದ ಬರುವಾಗ, ಆ ಹುಡುಗನನ್ನು ಬಿಡಿಸಿಕೊಂಡದ್ದು ಒಳ್ಳೆಯದೇ ಆಯಿತೆಂದು ನಾನು ಅಂದುಕೊಂಡಿದ್ದೆ. ಈಗ ಅದು ಅಷ್ಟು ಸರಳವಲ್ಲ ಎನ್ನಿಸಿತು. ಯಾರೂ ನೋಡದ ಕಡೆ ತಪ್ಪು ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಸರಿ. ಅಂಥಲ್ಲಿ ಚೆನ್ನಾಗಿ ಆಡಿದ್ದನ್ನು ಯಾರಿಗೆ ಕೇಳುವುದು? ಹೆಂಡತಿಗೆ ಕೇಳಿದರೆ ಜೋರಾಗಿ ಹೋಯಿತು ಅನ್ನುತ್ತಾಳೆ.

ಉಂಟರ್‌ಫ್ಯೋರಿಂಗ್

ಆ ಮೂರು ಗೋಲುಗಳನ್ನು ಒಬ್ಬರು ಮಾತ್ರ ಸರಿಯಾಗಿ ನೋಡಿದ್ದರು. ಮ್ಯೂನಿಕ್ಕಿನ ದೊಡ್ಡ ಕ್ಲಬ್ಬೊಂದರ ಮ್ಯಾನೇಜರ್. ಡೀನನಿಗೂ ನಮ್ಮವರಿಗೂ ಮುಂದಿನ ಋತುವಿಗೆ ಕರೆ ಬಂತು. ಆ ಕ್ಲಬ್ಬಿನ ಪಂದ್ಯಗಳನ್ನು ಒಂದು ಟೀವಿ ಕಂಪನಿ ತೋರಿಸಲಿತ್ತು, ಪತ್ರಿಕೆಯವರು ದಿನಾ ಅಭ್ಯಾಸಕ್ಕೇ ಬರುತ್ತಿದ್ದರು. ಡೀನ್ ಅಲ್ಲೇ ಒಪ್ಪಿದ. ನಮ್ಮವರು ನೋಡೋಣ ಎಂದರು. ಮಾತುಕತೆಗೆಂದು ಕರೆದದ್ದು ಉಂಟರ್‌ಫ್ಯೋರಿಂಗ್‌ಗೆ. ಮ್ಯೂನಿಕ್ಕಿನ ಅಂಚಿನ ಊರು ಅದು. ಒಂದು ಕಡೆ ಚರ್ಚು, ಹಸಿರು ಹೊಲ. ಅದರ ಪಕ್ಕದಲ್ಲೇ ಟೀವಿಯವರ, ಕಂಪ್ಯೂಟರಿನವರ ಗಾಜಿನ ಕಟ್ಟಡಗಳು. ಆ ಗಾಜಿನ ಬಾಗಿಲಿಗೆ ನಾನು ಹಣೆ ಬಡಿಸಿಕೊಂಡೆ, ಅದು ತಾನಾಗಿ ತೆರೆಯುತ್ತದೆಂದು ನಂಬಿ.

ಒಳಗೆ ಒಬ್ಬ ತರುಣಿ, ಆಟದ ಕಾರ್ಯಕ್ರಮಗಳ ಸಂಪಾದಕಿ, ಕಾಫಿ ಕೊಟ್ಟು ಇಂಗ್ಲಿಷಿನಲ್ಲಿ ಮಾತಾಡಿಸಿದಳು. ಆಟಗಾರರ ಪರಿಚಯ ಮಾಡಿಕೊಡಲು ಸಣ್ಣ ಸಣ್ಣ ಚಿತ್ರ ಮಾಡುತ್ತಾರಂತೆ. "ನಿಮ್ಮ ಜೀವನದ ಅತಿ ಕೆಟ್ಟ ಪಂದ್ಯ ಯಾವುದು?" ಎಂದು ಕೇಳಿದಳು. ಡೀನ್ ನಗುತ್ತ ಏನೋ ಹೇಳಿದ. ಆಮೇಲೆ ಆಕೆ ನಮ್ಮವರ ಕಡೆ ತಿರುಗಿದಳು.

ಎದ್ದು ಹೋಗುತ್ತಾರೆ ಎಂದುಕೊಂಡೆ. ಇವರು ಕಾಫಿಯ ಬಟ್ಟಲನ್ನು ಸರಿಸಿಟ್ಟು, ತಡವರಿಸುವ ಇಂಗ್ಲಿಷಿನಲ್ಲಿ ಆ ಫೈನಲ್ ಬಗ್ಗೆ ಶುರು ಮಾಡಿದರು. ಎರಡು ವಾಕ್ಯಕ್ಕೆ ಮಾತು ಸಿಗದೆ ಹೋಗಿ ನನ್ನ ಕಡೆ ನೋಡಿ, "ನೀ ಹೇಳು ಆಕಿಗೆ" ಎಂದು ಕನ್ನಡಕ್ಕೆ ಹೊರಳಿದರು. ಮದುವೆಯಾಗಿ ಅಷ್ಟು ವರ್ಷ ನನಗೆ ಹೇಳದ್ದನ್ನು ನಾನು ಆ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೇಳುತ್ತ ಕೇಳಿಸಿಕೊಂಡೆ.

"ಮಂದಿ ಒದರತಿದ್ದರು. ಅದರಿಂದ ನನಗ ಏನೂ ಆಗಿರಲಿಲ್ಲ. ಒದರೂ ಮಂದಿ ಮುಂದ ಆಡೇ ದೊಡ್ಡಾಂವ ಆಗೇನಿ. ಅಂಪೈರ್ ಸೀಟಿ ಊದೂಕಿಂತ ಮೊದಲ ಎಲ್ಲಾರೂ ಒಮ್ಮೆಲೆ ಸುಮ್ಮನಾದ್ರು. ಅಷ್ಟು ಸಾವಿರ ಮಂದಿ. ಅವರೊಳಗ ನಮ್ಮಪ್ಪನೂ ಅದಾನ, ಅಂವಾನೂ ಸುಮ್ಮನ ನಿಂತಾನ ಅಂತ ಗೊತ್ತಿತ್ತು. ಅವರೆಲ್ಲಾ ಉಸರು ಹಿಡದದ್ದು ನನ್ನ ಕೈಯಾಗ ಬಂದು ಕುಂತಂಗಾತು. ಕೈ ಭಾರ ಆತು. ಕಾರ್ಲ್ಸ್‌ರುಹೆದಾಗೂ ನಮ್ಮ ಹುಡುಗರು ಹಂಗ ಸುಮ್ಮನಾದ್ರು."

ನಾನು ಕೊನೆಯ ಮಾತನ್ನು ಭಾಷಾಂತರಿಸಲಿಲ್ಲ. ಸಂಪಾದಕಿ ಮುಂದಕ್ಕೆ ಬಾಗಿ, ಇದು ಬಹಳ ಚೆನ್ನಾಗಿದೆ, ಇದನ್ನೇ ಕ್ಯಾಮೆರಾ ಮುಂದೆ ಹೇಳುತ್ತೀರಾ, ಆ ಹಳೆಯ ಪಂದ್ಯದ ಚಿತ್ರ ಎಲ್ಲಾದರೂ ಸಿಗುತ್ತದೆಯೇ ಎಂದು ಕೇಳಿದಳು. ಇವರು ವಿನಯದಿಂದಲೇ ಆಗುವುದಿಲ್ಲವೆಂದರು. ಜತೆಗಿದ್ದ ಕ್ಲಬ್ಬಿನ ಮ್ಯಾನೇಜರಿಗೂ ಬರಲೊಲ್ಲೆನೆಂದು ಹೇಳಿ ಕೈ ಕುಲುಕಿದರು.

ಡೀನ್ ಆ ರಾತ್ರಿ ಮ್ಯೂನಿಕ್ಕಿನಲ್ಲೇ ಉಳಿದ. ನಾವಿಬ್ಬರೇ ರೈಲು ಹತ್ತಿದೆವು. ಹೊರಗೆ ಹಳದಿ ಸಾಸಿವೆಯಂಥ ಹೊಲಗಳು ಹಿಂದಕ್ಕೆ ಓಡುತ್ತಿದ್ದವು. ಬಹಳ ಹೊತ್ತಿನ ಮೇಲೆ ಕೇಳಿದೆ.

"ಅಂಜಿ ಒಲ್ಲೆ ಅಂದ್ರ್ಯಾ?"

"ಅಂಜಿಕಿ ಐತಿ, ಇಲ್ಲ ಅನ್ನೂದಿಲ್ಲ. ಆದರ ಅದಕ್ಕಲ್ಲ. ಆಕಿಗೆ ನಾ ತಪ್ಪಿಸಿದ್ದು ಬೇಕಾಗಿತ್ತು, ಆಟ ಬೇಕಾಗಿರಲಿಲ್ಲ. ಡೀನ್ ಅದನ್ನ ತಡಕೋತಾನ, ಅವಂಗ ಅದು ಊಟ ಇದ್ದಂಗ. ರಘುಗ ಆಟ ಬೇಕು. ನಾ ಆ ಹುಡುಗನ್ನ ಸುಮ್ಮನ ದೂರ ಮಾಡಿದೆ."

ಮರಳಿ ಎರ್ಲಾಂಗೆನ್

ಸ್ಟೇಷನ್ನಿನಿಂದ ನೇರ ರಘುವಿನ ರೂಮಿಗೆ ಹೋದೆವು. ಅವನೂ ಇನ್ನೊಬ್ಬ ಮೈಸೂರಿನ ಹುಡುಗನೂ ಕುಕ್ಕರಿನ ಸೀಟಿ ಎಣಿಸುತ್ತ ಕುಳಿತಿದ್ದರು.

"ಬರೋ ಭಾನುವಾರ ಕೊನೇ ಮ್ಯಾಚ್ ಐತಿ. ಗೆದ್ದರ ಈ ದರ್ಜೆದಾಗ ಉಳೀತೇವಿ, ಇಲ್ಲಾಂದ್ರ ಕೆಳಗ ಇಳೀತೇವಿ" ಎಂದರು ಇವರು. "ನೀ ಬರಬೇಕು."

"ನೀವೇ ಬೇಡ ಅಂದ್ರಲ್ಲ ಸಾರ್." ರಘುವಿನ ದನಿ ಗಟ್ಟಿಯಾಗಿತ್ತು. ಅವನಿಗೆ ನೋವಾಗಿತ್ತು, ಅದನ್ನು ಮುಚ್ಚಲೂ ಇಲ್ಲ.

"ಅಂದಿದ್ದೆ. ಈಗ ಬಾ ಅನ್ನಾಕತ್ತೇನಿ. ಎಲ್ಲಾರನ್ನೂ ಕರಕೊಂಡು ಬಾ. ಬರಿ. ಛಲೋ ಆಡಿದರ ಛಲೋ ಬರಿ, ಹೊಲಸ ಆಡಿದರ ಹೊಲಸ ಅಂತ ಬರಿ. ಪಾಪ ಅಂತ ಮಾತ್ರ ಬರೀಬ್ಯಾಡ."

ರಘು ಅವರನ್ನೂ ನನ್ನನ್ನೂ ನೋಡಿದ. "ಕೂತ್ಕೊಳ್ಳಿ ಸಾರ್, ಊಟ ಮಾಡ್ಕೊಂಡ್ ಹೋಗಿ" ಅಂದ. ಬಿಸಿಬೇಳೆ ಬಾತ್ ತಳ ಹಿಡಿದಿತ್ತು. ಅಷ್ಟು ರುಚಿಯಾದ ಊಟವನ್ನು ನಾನು ಆ ದೇಶದಲ್ಲಿ ಮತ್ತೆ ಉಣ್ಣಲಿಲ್ಲ.

ಆ ಭಾನುವಾರ ಹುಡುಗರು ಎಲ್ಲೆಲ್ಲಿಂದಲೋ ಬಂದರು. ಫ್ರೌ ಹೋಫ್‌ಮನ್ ಕೂಡ ಬಂದು, ತಟ್ಟೆ ಬಡಿಯುವವರ ಪಕ್ಕದಲ್ಲೇ ಕುಳಿತರು. ಆಟ ಕೊನೆಯವರೆಗೂ ಸಮ. ಆಗ ಏಳು ಮೀಟರ್ ಸಿಕ್ಕಿತು. ಡೀನ್ ಸ್ಟಿಕ್ ಹಿಡಿದು ಎರಡು ಹೆಜ್ಜೆ ಬಂದ. ನಮ್ಮವರು ತಲೆಯಾಡಿಸಿ ತಾವೇ ಹೋದರು.

ಎಲ್ಲರೂ ಸುಮ್ಮನಾದರು. ಈ ಸಲ ಆ ಮೌನ ನನಗೂ ಕೇಳಿಸಿತು. ಇವರು ಅವಸರ ಮಾಡಲಿಲ್ಲ. ನಮ್ಮ ಹುಡುಗರ ಕಡೆ ತಿರುಗಿ ಎಲ್ಲರನ್ನೂ ಒಂದು ಸಲ ನೋಡಿದರು, ಬಗ್ಗಿದರು, ಚೆಂಡನ್ನು ತಳ್ಳಿದರು. ಗೋಲಿ ಬಲಕ್ಕೆ ಹಾರಿ ಅದನ್ನು ಕೈಗವಸಿನಿಂದ ಹೊರಗೆ ತಳ್ಳಿದ.

ಎರ್ಲಾಂಗೆನ್ ಕೆಳಗಿನ ದರ್ಜೆಗೆ ಇಳಿಯಿತು. ಕೆಲವು ಆಟಗಾರರು ಟರ್ಫಿನ ಮೇಲೆ ಮಲಗಿಬಿಟ್ಟರು. ಡೀನ್ ಸ್ಟಿಕ್ಕನ್ನು ನೆಲಕ್ಕೆ ಬಡಿದ. ನಮ್ಮವರು ಒಬ್ಬೊಬ್ಬರನ್ನೇ ಎಬ್ಬಿಸಿ ಕೈ ಕೊಟ್ಟರು. ಆಮೇಲೆ ಎದುರಿನ ಗೋಲಿಯ ಹತ್ತಿರ ಹೋಗಿ ಅವನಿಗೂ ಕೈ ಕೊಟ್ಟರು. ಕ್ಲಬ್ಬಿನ ಮಕ್ಕ‌ಳು ಅಳುತ್ತಿದ್ದರು. ಮನೆಗೆ ಹೋಗೋಣವೆಂದು ನಾನು ಹೇಳಿದೆ. ಇವರು ರಘುವಿನ ಹೆಗಲ ಮೇಲೆ ಕೈ ಹಾಕಿ, "ನಡಿ, ಬರಿ" ಅಂದರು.

ರಘುವಿನ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಅವನು, ಅವನ ಹಿಂದೆ ಇವರು ನಿಂತರು. ಅವನು ಒಂದು ಸಾಲು ಹೊಡೆಯುವುದು, ಅಳಿಸುವುದು. ಕೊನೆಗೆ, ದುರದೃಷ್ಟವಶಾತ್ ಬಸಣ್ಣನವರ ಹೊಡೆತ ಎಂದು ಬರೆದ.

"ಅದನ್ನ ತಗಿ" ಎಂದರು ಇವರು. "ದುರದೃಷ್ಟ ಅಲ್ಲ. ನಾ ಎತ್ತರ ಕೊಡಲಿಲ್ಲ. ಗೋಲಿ ಛಲೋ ತಡದಾ. ಅಂವನ ಹೆಸರು ಕೇಳಿ ಬಂದೇನಿ, ಅದನ್ನೂ ಹಾಕು."

ರಘು ಹಾಕಿದ. ಪಟಪಟನೆ ಉಳಿದದ್ದನ್ನೂ ಮುಗಿಸಿದ. ಬಸಣ್ಣನವರು ಮೊದಲಾರ್ಧದಲ್ಲಿ ಎರಡು ಸಲ ಹಿಂದಕ್ಕೆ ಓಡುವುದು ತಡವಾಯಿತು ಎಂದೂ ಬರೆದ. ಅದನ್ನು ಓದಿ ಇವರು "ಹೌದು" ಎಂದರು. ಕಳಿಸಿದ್ದಾಯಿತು.

ಬೀದಿಗೆ ಬಂದಾಗ ಇನ್ನೂ ಬಿಸಿಲಿತ್ತು. ಮೂಲೆಯ ಫೋನ್ ಬೂತಿನ ಹತ್ತಿರ ಇವರು ಕಾರ್ಡ್ ಇದೆಯೇ ಎಂದು ಕೇಳಿದರು, ಕೊಟ್ಟೆ. ಬೆಂಗಳೂರಿನ ಆ ಫೈನಲ್ ಆದಂದಿನಿಂದ ಇವರೂ ಮಾವನವರೂ ಹಾಕಿಯ ಮಾತೆತ್ತಿರಲಿಲ್ಲ. ಫೋನಿನಲ್ಲಿ ಆರೋಗ್ಯ, ಮಗ್ಗ, ಬಿಸಿಲು, ಅಷ್ಟೇ. ಬಾಗಿಲು ಅರ್ಧ ತೆರೆದಿದ್ದರಿಂದ ಇವರ ಮಾತು ನನಗೆ ಕೇಳಿಸಿತು.

"ಅಪ್ಪಾ, ನಾನು. ಆರಾಮ ಅದೇವಿ. ಇವತ್ತ ಒಂದು ಸ್ಟ್ರೋಕ್ ತಪ್ಪಿಸಿದೆ, ಅಪ್ಪಾ. ನಮ್ಮ ಟೀಮ್ ಕೆಳಗ ಇಳೀತು."

ಕಾರ್ಡಿನಲ್ಲಿ ಉಳಿದ ಹಣದ ಅಂಕಿ ಇಳಿಯುತ್ತಿದ್ದುದು ನನಗೆ ಕಾಣುತ್ತಿತ್ತು. ಆಮೇಲೆ ಮಾವನವರ ದನಿ, ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಅಭ್ಯಾಸವಾದ ದನಿ, ಫೋನಿನಿಂದ ಹೊರಗೇ ಬಂತು.

"ಗೋಲಿ ಯಾವ ಕಡೆ ಬಿದ್ದಾ?"

"ಬಲಕ್ಕ."

"ಮೊದಲ ಬಿದ್ದಾನೋ, ನೀ ಹೊಡದ ಮ್ಯಾಲೆ ಬಿದ್ದಾನೋ?"

ಇವರು ಬಾಗಿಲನ್ನು ಎಳೆದುಕೊಂಡರು. ಆಮೇಲಿನದು ನನಗೆ ಕೇಳಲಿಲ್ಲ. ಗಾಜಿನೊಳಗೆ ಇವರು ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ, ಎರಡೂ ಕೈಯಲ್ಲಿ ಇಲ್ಲದ ಸ್ಟಿಕ್ ಹಿಡಿದು, ಮೊಣಕಾಲು ಬಗ್ಗಿಸಿ, ಚೆಂಡನ್ನು ಹೇಗೆ ತಳ್ಳಿದೆ ಎಂದು ಬೆಟಗೇರಿಯಲ್ಲಿ ಕುಳಿತವರಿಗೆ ಮಾಡಿ ತೋರಿಸುತ್ತಿದ್ದರು. ನಾನು ಸೈಕಲ್ಲುಗಳನ್ನು ಹಿಡಿದುಕೊಂಡು ನಿಂತಿದ್ದೆ. ಕಾರ್ಡ್ ಮುಗಿಯುವವರೆಗೆ ಅವರು ಹೊರಗೆ ಬರಲಿಲ್ಲ.